ಎಂಜಲಿನ ಜಾತಕ

ಹಾಸನ ಜಿಲ್ಲೆಯ ಮಗ್ಗೆಯ ಕಡೆ ಎಂಜಲಿನ ಬೆಲೆ ಏರಿದೆ. ಮೊದಲೆಲ್ಲ ಎಂಜಲೆಂದರೆ ಪಕ್ಕದ ಎಲೆಗೆ ಸಿಡಿಯಬಾರದ್ದು. ಯಾರ ಎಂಜಲು ಯಾರಿಗೆ ಆಗುತ್ತದೆ, ಯಾರದು ಆಗುವುದಿಲ್ಲ ಎಂಬುದರ ಮೇಲೆಯೇ ಊರಿನ ಜಗಲಿ, ಅಂಗಳ, ಬಾವಿಕಟ್ಟೆ, ಹೋಟೆಲಿನ ಲೋಟ ಎಲ್ಲವೂ ಪಾಲಾಗಿದ್ದವು. ಈಗ ಬೆಂಗಳೂರಿನಿಂದ ರಜೆಗೆ ಬಂದ ಮಗ ಅದೇ ಎಂಜಲನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ಹಿಡಿದು, ಮುಚ್ಚಳ ಬಿಗಿದು, ಹಾಸನದ ಕೊರಿಯರ್ ಅಂಗಡಿಗೆ ಒಯ್ದು ಕೊಡುತ್ತಾನೆ. ಕೆಲವು ವಾರ ಬಿಟ್ಟು ಅವನ ಮೊಬೈಲಿಗೆ ಮನೆತನದ ಮೂಲ ಬಂದು ಇಳಿಯುತ್ತದೆ. ಎಂಜಲಿನಿಂದಲೇ ಮಡಿಯನ್ನು ಸಾಬೀತು ಮಾಡಬಹುದೆಂಬ ಉಪಾಯ ನಮ್ಮ ಧರ್ಮಶಾಸ್ತ್ರದವರಿಗೂ ಹೊಳೆದಿರಲಿಲ್ಲ.

ಈ ವ್ರತಕ್ಕೂ ಒಂದು ನಿಯಮವಿದೆ. ಉಗುಳುವ ಮೊದಲು ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಎಲೆ-ಅಡಿಕೆ ಇಲ್ಲದೆ ಅರ್ಧ ಗಂಟೆ ಕೂತು ಗೊತ್ತಿರದ ತಾತನಿಗೆ ಇದೇ ಏಕಾದಶಿ. "ನಮ್ಮ ಕುಲ ಯಾವುದು ಅಂತ ಕೇಳೋಕೆ ಉಗೀಬೇಕೇನ್ಲಾ? ಬಾಯಲ್ಲಿ ಕೇಳಿದ್ರೆ ಹೇಳ್ತಿರ್ಲಿಲ್ವಾ?" ಎಂದು ಗೊಣಗುತ್ತಲೇ ತಾತ ಸಹಕರಿಸುತ್ತಾನೆ.

ಬರುವ ಫಲಿತಾಂಶ ಒಂದು ಬಣ್ಣದ ಚಕ್ರ. ಚಕ್ರದ ಬಹುಪಾಲು 'ದಕ್ಷಿಣ ಭಾರತ' ಎಂದಿರುತ್ತದೆ. ಇಷ್ಟನ್ನು ಹೇಳಲು ಆಲೂರು ಬಸ್ಸಿನ ಕಂಡಕ್ಟರು ಟಿಕೆಟಿನ ದುಡ್ಡು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಚರ್ಚೆಯಾಗುವುದು ಚಕ್ರದ ಅಂಚಿನಲ್ಲಿ ಉಳಿದ ಮೂರೋ ನಾಲ್ಕೋ ಪರ್ಸೆಂಟಿನ ಬಗ್ಗೆ. ಅದು ಮಧ್ಯ ಏಷ್ಯಾದ್ದಾದರೆ ಮನೆಯ ಯಜಮಾನರ ಕಡೆಯದು, ಕುದುರೆ ಏರಿ ಬಂದದ್ದು. ಬೇರೆ ಯಾವುದಾದರೂ ದಿಕ್ಕಿನದಾದರೆ ಅದು ಅಜ್ಜಿಯ ತವರಿನ ಕಡೆಯದು. ಆ ಮನೆಯವರು ಮೊದಲಿಂದಲೂ ಹಾಗೇ. ಡಿಎನ್ಎ ಪರೀಕ್ಷೆಯ ಕಂಪನಿಯವರು ಮಾಡಿದ್ದಿಷ್ಟೆ: ತಮ್ಮ ಪೆಟ್ಟಿಗೆಯಲ್ಲಿರುವ ಇಂದಿನ ಜನರ ಮಾದರಿಗಳ ಪಕ್ಕ ನಿಮ್ಮದನ್ನು ಇಟ್ಟು, ಯಾವುದಕ್ಕೆ ಎಷ್ಟು ಹೋಲುತ್ತದೆಂದು ಅಂದಾಜು ಹಾಕಿದ್ದಾರೆ. ಪೆಟ್ಟಿಗೆಗೆ ಹೊಸ ಮಾದರಿಗಳು ಸೇರಿದರೆ ಚಕ್ರದ ಬಣ್ಣಗಳೂ ಬದಲಾಗುತ್ತವೆ. ಆರು ತಿಂಗಳು ಬಿಟ್ಟು ನೋಡಿದರೆ ಕುದುರೆ ಸವಾರ ಕಾಣೆಯಾಗಿರಲೂಬಹುದು. ತಾತ ಮಾತ್ರ ಅದೇ ಜಗಲಿಯಲ್ಲಿ ಅದೇ ಎಲೆ-ಅಡಿಕೆ ಹಾಕಿಕೊಂಡು ಕೂತಿರುತ್ತಾನೆ.

ಒಂದು ವಿಷಯವನ್ನು ಗಮನಿಸಿ. ನಮ್ಮ ನಾಡಿನ ಪ್ರತಿಯೊಂದು ಜಾತಿಯೂ ಎಲ್ಲಿಂದಲೋ ಬಂದದ್ದು. ಒಬ್ಬರು ಗಂಗಾತೀರದಿಂದ, ಒಬ್ಬರು ದ್ವಾರಕೆಯಿಂದ, ಒಬ್ಬರು ಕಾಶ್ಮೀರದಿಂದ, ಮತ್ತೊಬ್ಬರು ಅಲೆಕ್ಸಾಂಡರನ ಸೈನ್ಯದಿಂದ ತಪ್ಪಿಸಿಕೊಂಡು. ಯಾರೂ ಇಲ್ಲೇ ಹುಟ್ಟಿ ಇಲ್ಲೇ ಗದ್ದೆ ಉತ್ತವರಲ್ಲ. ಹೀಗೆ ಇಡೀ ಜಂಬೂದ್ವೀಪದಿಂದ ಬಂದ ಜನರಲ್ಲಿ ಆಫ್ರಿಕಾದಿಂದ ಬಂದೆವು ಎನ್ನುವವರು ಒಬ್ಬರಿಲ್ಲ. ಮಾನವರೆಲ್ಲರೂ ಅಲ್ಲಿಂದಲೇ ಹೊರಟವರು ಎಂಬುದೊಂದೇ ವಿಜ್ಞಾನ ಯಾವ ಅನುಮಾನವೂ ಇಲ್ಲದೆ ಹೇಳುವ ಮಾತು. ಅದೊಂದನ್ನೇ ನಮ್ಮ ಕುಲಪುರಾಣಗಳು ಬಿಟ್ಟಿವೆ. ಯಲ್ಲಾಪುರ, ಹಳಿಯಾಳದ ಸಿದ್ದಿಗಳು ಇತ್ತೀಚಿನ ಶತಮಾನಗಳಲ್ಲಿ ಆಫ್ರಿಕಾದಿಂದ ಬಂದ ಬಂಟು ಮೂಲದವರು, ಇಲ್ಲಿಯವರೊಡನೆ ಬೆರೆತವರು ಎಂದು ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು 2011ರಲ್ಲಿ ವಂಶವಾಹಿ ನೋಡಿ ಹೇಳಿದರು. ಅದನ್ನು ಓದಿ ನಮ್ಮವರು "ಪಾಪ, ಎಷ್ಟು ದೂರದಿಂದ ಬಂದಿದಾರೆ" ಎಂದು ಮರುಗಿದರು. ತಾವೂ ಅಲ್ಲಿಂದಲೇ ಬಂದವರು, ಸ್ವಲ್ಪ ಮೊದಲಿನ ಬಸ್ಸು ಹಿಡಿದಿದ್ದರು ಅಷ್ಟೆ, ಎಂಬುದು ಯಾರಿಗೂ ತಟ್ಟಲಿಲ್ಲ.

ಈಗ ಇದೇ ಯಜಮಾನರ ಜೊತೆ ತೋಟಕ್ಕೆ ಹೋಗೋಣ. ಜಗಲಿಯಲ್ಲಿ ಕೂತು ರಕ್ತಶುದ್ಧಿಯ ಬಗ್ಗೆ ಪ್ರವಚನ ಕೊಡುವವರು ಕಾಫಿ ಗಿಡದ ಮುಂದೆ ನಿಂತರೆ ಪೂರ್ತಿ ಬೇರೆ ಮನುಷ್ಯ. ಬಾಬಾಬುಡನ್ ಯೆಮೆನ್ನಿನಿಂದ ತಂದ ಏಳು ಬೀಜದ ಕತೆ ಅವರಿಗೆ ಬಾಯಿಪಾಠ. ಆ ಕತೆಯ ಮುಂದಿನ ಭಾಗವನ್ನೂ ಅವರ ತೋಟವೇ ಅವರಿಗೆ ಕಲಿಸಿದೆ. ಬೆರಳೆಣಿಕೆಯ ಬೀಜದಿಂದ ಹಬ್ಬಿದ ಅರೇಬಿಕಾ ತನ್ನ ಹೂವಿಗೆ ತಾನೇ ಪರಾಗ ಕೊಟ್ಟುಕೊಂಡು ತಲೆಮಾರುಗಟ್ಟಲೆ ಶುದ್ಧವಾಗಿಯೇ ಉಳಿಯಿತು. ರಸ್ಟ್ ರೋಗ ಬಂದಾಗ ಅಷ್ಟೇ ಶುದ್ಧವಾಗಿ ಎಲೆ ಉದುರಿಸಿ ನಿಂತಿತು. ಕಡೆಗೆ ಮಲೆನಾಡಿನ ಅರೇಬಿಕಾ ತೋಟಗಳನ್ನು ಕಾಯ್ದದ್ದು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಕೊಟ್ಟ ಎಸ್ 795. ಅದರ ಜಾತಕ ಹೀಗಿದೆ: ಒಂದು ಕಡೆ ಕೆಂಟ್ ಎಂಬ ದೊರೆ ಆರಿಸಿದ ಅರೇಬಿಕಾ. ಇನ್ನೊಂದು ಕಡೆ ಎಸ್ 288; ಇದರಲ್ಲಿ ಯಾವಾಗಲೋ ಲೈಬೀರಿಕಾ ಎಂಬ ಬೇರೆ ಜಾತಿಯ ಗಿಡ ಬೇಲಿ ಹಾರಿ ಬಂದು ಸೇರಿದೆ. ರಸ್ಟ್ ತಡೆಯುವ ಗುಣ ಬಂದದ್ದು ಆ ಬೇಲಿ ಹಾರಿದವನಿಂದ. ಈ ಬೆರಕೆಯ ಗಿಡಗಳ ನೆರಳಲ್ಲಿ ನಿಂತೇ ನಮ್ಮ ಯಜಮಾನರು ಎದೆಯುಬ್ಬಿಸಿ ಹೇಳುತ್ತಾರೆ: "ಎಲ್ಲಾ ಒಳ್ಳೇ ಜಾತಿ ಗಿಡ ಕಣ್ರೀ."

ರೋಬಸ್ಟಾದ್ದು ಇನ್ನೂ ಕಟ್ಟುನಿಟ್ಟು. ಅದರ ಹೂವು ತನ್ನ ಗಿಡದ ಪರಾಗವನ್ನು ಒಪ್ಪುವುದೇ ಇಲ್ಲ. ಬೇರೆ ಗಿಡದ್ದು ಗಾಳಿಯಲ್ಲಿ, ಜೇನಿನ ಕಾಲಲ್ಲಿ ಬರಲೇಬೇಕು. ಸಗೋತ್ರ ನಿಷೇಧವನ್ನು ಇಷ್ಟು ನಿಷ್ಠೆಯಿಂದ ಪಾಲಿಸುವವರು ಮಗ್ಗೆಯಲ್ಲಿ ಬೇರೆ ಯಾರೂ ಇಲ್ಲ. ಇನ್ನು ಸಿ ಇಂಟು ಆರ್ ಎಂದು ಎಲ್ಲರೂ ಹಾಕುವ ತಳಿ ತನ್ನ ಅಂತರ್ಜಾತಿ ವಿವಾಹವನ್ನು ಹೆಸರಿನಲ್ಲೇ ಸಾರಿಕೊಂಡು ತಿರುಗುತ್ತದೆ. ಅದರ ಸಸಿಗೆ ಯಜಮಾನರು ಮುಂಗಡ ದುಡ್ಡು ಕೊಟ್ಟು ನರ್ಸರಿ ಮುಂದೆ ಕಾಯುತ್ತಾರೆ. ಅಷ್ಟೇಕೆ, ಅರೇಬಿಕಾ ಎಂಬ 'ಕುಲೀನ' ಜಾತಿಯೇ ಸುಮಾರು ಆರು ಲಕ್ಷ ವರ್ಷಗಳ ಹಿಂದೆ ರೋಬಸ್ಟಾದ ಮನೆತನಕ್ಕೂ ಯೂಜಿನಿಯಾಯ್ಡಿಸ್ ಎಂಬ ಕಾಡುಕಾಫಿಗೂ ಹುಟ್ಟಿದ ಕೂಸು ಎಂದು 2024ರಲ್ಲಿ ಅದರ ಜೀನೋಮ್ ಓದಿದವರು ಬರೆದಿದ್ದಾರೆ. ಇದನ್ನು ಯಜಮಾನರಿಗೆ ಹೇಳಿದರೆ ಅವರಿಗೆ ಸಂತೋಷವೇ ಆಗುತ್ತದೆ. ಗಿಡದ ವಿಷಯ ತಾನೆ.

ಮನುಷ್ಯರ ವಿಷಯಕ್ಕೆ ಬಂದರೆ ಇದೇ ಲೆಕ್ಕ ತಿರುವುಮುರುವು. ಅಕ್ಕನ ಮಗಳನ್ನು ತಂದುಕೊಂಡರೆ ಆಸ್ತಿ ಹೊರಗೆ ಹೋಗುವುದಿಲ್ಲ, ಸೊಸೆ ಎದುರು ಮಾತಾಡುವುದಿಲ್ಲ, ಸಾರಿನ ರುಚಿಯೂ ಬದಲಾಗುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್, ರಾಧಾ ರಮಾದೇವಿ, ಬ್ರಿಟನ್ನಿನ ಅಲನ್ ಬಿಟಲ್ಸ್ ಇವರೆಲ್ಲ 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ ಹತ್ತಾರು ಸಾವಿರ ಮಕ್ಕಳ ಲೆಕ್ಕ ತೆಗೆದರು. ಸುಮಾರು ಮೂರರಲ್ಲಿ ಒಂದು ಮಗುವಿನ ತಂದೆತಾಯಿ ರಕ್ತಸಂಬಂಧಿಗಳು. ಸೋದರಮಾವನನ್ನು ಮದುವೆಯಾದವಳ ಮಗುವಿನಲ್ಲಿ ಎಂಟರಲ್ಲಿ ಒಂದು ಪಾಲು ವಂಶವಾಹಿಗಳು ಎರಡೂ ಕಡೆಯಿಂದ ಒಂದೇ ಮೂಲದ ನಕಲಾಗಿ ಬಂದಿರುತ್ತವೆ. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲಿ ಒಂದು ಪಾಲು. ಗಿಡಕ್ಕಾದರೆ ನರ್ಸರಿಯವನು ಇದನ್ನು ಬಾಯಿಬಿಟ್ಟು ಹೇಳಿ ಸಸಿ ವಾಪಸು ತೆಗೆದುಕೊಳ್ಳುತ್ತಿದ್ದ.

ರಕ್ತವನ್ನು ಅಳೆಯುವ ಚಟ ನಮಗೆ ಹೊಸದಲ್ಲ. ಮೊದಲು ರಕ್ತ ಸಿಗುತ್ತಿರಲಿಲ್ಲವಾದ್ದರಿಂದ ಮೂಗು ಅಳೆಯುತ್ತಿದ್ದರು. 1901ರ ಜನಗಣತಿಯ ಆಯುಕ್ತ ಹರ್ಬರ್ಟ್ ರಿಸ್ಲೆ ಎಂಬ ಸಾಹೇಬನ ಪ್ರಕಾರ ಮೂಗು ಅಗಲವಾದಷ್ಟೂ ಜಾತಿ ಕೆಳಗೆ. ನೆಗಡಿಯಾದಾಗ ಒಂದು ಮೆಟ್ಟಿಲು ಇಳಿಯುತ್ತಿದ್ದರೋ ಏನೋ. ನಮ್ಮ ಮೈಸೂರು ಸಂಸ್ಥಾನ ಹಿಂದೆ ಬೀಳುತ್ತದೆಯೆ? ಎಚ್.ವಿ. ನಂಜುಂಡಯ್ಯನವರು ಆರಂಭಿಸಿ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಗಿಸಿದ ಮೈಸೂರಿನ ಜಾತಿ-ಬುಡಕಟ್ಟುಗಳ ಮಹಾಗ್ರಂಥಕ್ಕೆ, ಜರ್ಮನಿಯ ಬ್ರೆಸ್ಲೌದ ಐಕ್‌ಸ್ಟೆಡ್ ಎಂಬ ಜನಾಂಗಪಂಡಿತನಿಂದ ಮೈಸೂರಿಗರ ಜನಾಂಗ ಚರಿತ್ರೆಯ ಮೇಲೊಂದು ಲೇಖನ ಬರೆಸಿದರು. ಅದು ಅಚ್ಚಾದ ಸಂಪುಟದ ವರ್ಷ 1935. ಆಗ ಅವನ ಊರಿನಲ್ಲಿ ಯಾರ ಆಡಳಿತವಿತ್ತು, ಅಲ್ಲಿ ಜನಾಂಗಪಂಡಿತರಿಗೆ ಎಷ್ಟು ಗಿರಾಕಿಯಿತ್ತು ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಮೂಗಿನ ಕಾಲ ಮುಗಿದು ಜೀನಿನ ಕಾಲ ಬಂತು. 2009ರಲ್ಲಿ ಹೈದರಾಬಾದಿನ ತಂಗರಾಜ್, ಲಾಲ್ಜಿ ಸಿಂಗ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ಸೇರಿ, ಭಾರತದ ಬಹುತೇಕ ಎಲ್ಲ ಗುಂಪುಗಳೂ ಎರಡು ಹಳೆಯ ಜನಸಮೂಹಗಳ ಬೆರಕೆ ಎಂದರು. 2013ರಲ್ಲಿ ಪ್ರಿಯಾ ಮೂರ್ಜಾನಿ ಮತ್ತು ಅದೇ ತಂಡದವರು ದಿನಾಂಕವನ್ನೂ ಕೊಟ್ಟರು: ಈಗ್ಗೆ 4,200 ವರ್ಷಗಳಿಂದ 1,900 ವರ್ಷಗಳ ನಡುವೆ ಈ ನೆಲದ ಜನ ಯಾವ ಎಗ್ಗೂ ಇಲ್ಲದೆ ಬೆರೆತರು, ಆಮೇಲೆ ಇದ್ದಕ್ಕಿದ್ದಂತೆ ನಿಲ್ಲಿಸಿದರು. 2019ರ ಹೊತ್ತಿಗೆ ಪಾಕವೂ ಬಿಚ್ಚಿತು: ಇಲ್ಲಿಯ ಹಳೆಯ ಬೇಟೆಗಾರರು, ಇರಾನಿನ ಕಡೆಯವರ ನಂಟಿನ ಜನ, ಉತ್ತರದ ಹುಲ್ಲುಗಾವಲಿನ ದನಗಾಹಿಗಳು. ಹಾಕಿದ ಸಾಮಾನು ಬಹುಮಟ್ಟಿಗೆ ಅದೇ, ಒಬ್ಬರ ಪಾತ್ರೆಯಲ್ಲಿ ಒಂದು ಚೂರು ಹೆಚ್ಚು, ಇನ್ನೊಬ್ಬರದರಲ್ಲಿ ಕಡಿಮೆ. ಅಂದರೆ ಸನಾತನವಾದದ್ದು ಬೆರಕೆ. ಶುದ್ಧತೆ ಇತ್ತೀಚಿನ ಫ್ಯಾಶನ್ನು.

ಹಾಸನ ಜಿಲ್ಲೆಗೆ ಇದರಲ್ಲೊಂದು ವಿಶೇಷ ಪ್ರಸಾದ ಸಿಕ್ಕಿದೆ. 2023 ನಮಗೆ ಹೊಯ್ಸಳರ ವರ್ಷ. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ಪಟ್ಟಿಗೆ ಸೇರಿದವು. ಅದೇ ವರ್ಷ ತಂಗರಾಜ್ ತಂಡದವರ ಇನ್ನೊಂದು ಪ್ರಬಂಧ ಬಂತು. ಕೇರಳದ ನಾಯರ್, ತೀಯ, ಈಳವರು, ಕರ್ನಾಟಕದ ಬಂಟರು ಮತ್ತು 'ಹೊಯ್ಸಳ' ಎಂಬ ಸಮುದಾಯದವರು ಸೇರಿ 213 ಜನರನ್ನು ಪರೀಕ್ಷಿಸಿ, ಯೋಧರೂ ಭೂಮಾಲೀಕರೂ ಆಗಿದ್ದ ಈ ಗುಂಪುಗಳು ಪ್ರಾಯಶಃ ವಾಯವ್ಯ ಭಾರತದಿಂದ ಗೋದಾವರಿ ಕಣಿವೆಯ ಮೂಲಕ ಬಂದಿರಬೇಕು ಎಂದಿತ್ತು ಅದರಲ್ಲಿ. ವಾಟ್ಸಾಪಿನಲ್ಲಿ ಆಲೂರು ದಾಟುವಷ್ಟರಲ್ಲಿ 'ಪ್ರಾಯಶಃ' ಉದುರಿತ್ತು. ಸಕಲೇಶಪುರ ಮುಟ್ಟುವಷ್ಟರಲ್ಲಿ ಹುಲಿ ಕೊಂದ ಸಳನ ಖಾಸಾ ಮೊಮ್ಮಕ್ಕಳು ಸಿಕ್ಕಿದ್ದರು. ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿತ್ತು: ಪಶ್ಚಿಮದ ಅಂಶ ತಾಯಿಯ ಕಡೆಯ ವಂಶವಾಹಿಯಲ್ಲಿ ಹೆಚ್ಚು ಕಾಣುತ್ತದೆ, ಬೆರಕೆ ಹೆಂಗಸರ ಮೂಲಕ ಆಗಿರುವಂತಿದೆ ಎಂದು. ಕತ್ತಿ ಹಿಡಿದು ಬಂದ ಅಜ್ಜನನ್ನು ಹುಡುಕಲು ಹೋದವರಿಗೆ ಸಿಕ್ಕವಳು ಅಜ್ಜಿ. ಈ ಸಾಲನ್ನು ಫಾರ್ವರ್ಡ್ ಮಾಡಿದವರನ್ನು ನಾನು ಕಂಡಿಲ್ಲ.

ಪ್ರಬಂಧದಲ್ಲಿ ಹೆಸರಿಲ್ಲದ ಜಾತಿಯವರಿಗೆ ಸಹಜವಾಗಿ ನೋವಾಗಿದೆ. "ನಮ್ಮನ್ಯಾಕೆ ಟೆಸ್ಟ್ ಮಾಡ್ಲಿಲ್ಲ? ನಾವೇನು ಯೋಧರಲ್ವಾ?" ಎಂದು ಕೇಳುವವರು ಇದ್ದಾರೆ. ನ್ಯಾಯವೇ. ನಮ್ಮ ಬಲಾಢ್ಯ ಜಾತಿಗಳೆಲ್ಲವೂ ಆಯೋಗದ ಮುಂದೆ ಹಿಂದುಳಿದವು, ಲಗ್ನಪತ್ರಿಕೆಯ ಮೇಲೆ ಕ್ಷತ್ರಿಯರು. ಈ ಎರಡು ದಡವನ್ನು ಒಂದೇ ಎಂಜಲಿನಿಂದ ಕೂಡಿಸುವ ತಂತ್ರಜ್ಞಾನ ಇನ್ನೂ ಬಂದಿಲ್ಲ.

ಸರಕಾರವೂ ಸುಮ್ಮನೆ ಕೂತಿಲ್ಲ. 2022ರ ಮೇ ತಿಂಗಳಲ್ಲಿ, ಕೇಂದ್ರದ ಸಂಸ್ಕೃತಿ ಸಚಿವಾಲಯ ಜನಾಂಗಗಳ 'ಶುದ್ಧತೆ' ಪತ್ತೆ ಮಾಡಲು ಡಿಎನ್ಎ ಯಂತ್ರಗಳನ್ನು ಕೊಳ್ಳಲು ಹೊರಟಿದೆ ಎಂದು ಪತ್ರಿಕೆಯೊಂದು ಬರೆಯಿತು. ಸಚಿವಾಲಯ ಅದು ಸುಳ್ಳು ಎಂದಿತು. ನೂರಕ್ಕೂ ಹೆಚ್ಚು ವಿಜ್ಞಾನಿಗಳು, ಇತಿಹಾಸಕಾರರು ಬಹಿರಂಗ ಪತ್ರ ಬರೆದು, ಹಾಗೊಂದು ವಸ್ತು ಇಲ್ಲವೇ ಇಲ್ಲ, ಇಲ್ಲದ್ದನ್ನು ಅಳೆಯುವ ಯೋಚನೆಯೂ ಬೇಡ ಎಂದರು. ನನಗೆ ಕೊಂಚ ನಿರಾಸೆಯೇ ಆಯಿತು. ಆ ಯಂತ್ರ ಬಂದಿದ್ದರೆ ಒಂದನ್ನು ನಮ್ಮ ನಾಡಕಚೇರಿಗೆ ಕೇಳೋಣ ಎಂದುಕೊಂಡಿದ್ದೆ. ಜಾತಿ-ಆದಾಯ ಪ್ರಮಾಣಪತ್ರ ಕೊಡುವ ಕಿಟಕಿಯ ಪಕ್ಕದಲ್ಲೇ ಶುದ್ಧತೆಯ ಕಿಟಕಿ. ಬೆಳಿಗ್ಗೆ ಟೋಕನ್ನು, ಮಧ್ಯಾಹ್ನ ಉಗುಳು, ಸಂಜೆ 'ಸರ್ವರ್ ಡೌನ್'. ಮಾರನೇ ದಿನ ಯಜಮಾನರಿಗೂ, ಅವರ ತೋಟದ ಲೈನ್‌ಮನೆಯಲ್ಲಿರುವ ಆಳಿಗೂ ಹೆಚ್ಚುಕಡಿಮೆ ಒಂದೇ ಪಾಕದ ಪ್ರಮಾಣಪತ್ರ ಬಂದು, ಇಬ್ಬರೂ ಅದನ್ನು ಹಿಡಿದು ತಿದ್ದುಪಡಿ ಅರ್ಜಿಗೆ ಒಂದೇ ಸಾಲಿನಲ್ಲಿ ನಿಂತಿರುವುದನ್ನು ನೋಡಬಹುದಿತ್ತು. ಅಷ್ಟಾದರೂ ಸಾಲು ಒಂದಾಗುತ್ತಿತ್ತು.

ಹಾಗೆಂದು ವಂಶವಾಹಿ ಓದುವುದೇ ತಪ್ಪೆಂದು ಹೇಳುವವರ ಪೈಕಿ ನಾನಲ್ಲ. ಬೆಂಗಳೂರಿನ ಐಐಎಸ್ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುಂದಾಳಾಗಿ, ದೇಶದ ಇಪ್ಪತ್ತು ಸಂಸ್ಥೆಗಳು 2020ರಿಂದ ಜೀನೋಮ್ ಇಂಡಿಯಾ ಎಂಬ ಕೆಲಸ ಮಾಡಿದವು. 2025ರಲ್ಲಿ 83 ಸಮುದಾಯಗಳ 9,772 ಜನರ ಲೆಕ್ಕ ಹೊರಬಂತು. ಸುಮಾರು 18 ಕೋಟಿ ಕಡೆಗಳಲ್ಲಿ ವ್ಯತ್ಯಾಸ ಸಿಕ್ಕಿದೆ. ಆದರೆ ಈ ವ್ಯತ್ಯಾಸ ಯಾರ ನಡುವಿನದು ಎಂಬುದಕ್ಕೆ ರಿಚರ್ಡ್ ಲೆವೊಂಟಿನ್ 1972ರಲ್ಲೇ ಉತ್ತರ ಕೊಟ್ಟಿದ್ದ: ಮನುಷ್ಯರ ವೈವಿಧ್ಯದಲ್ಲಿ ಸುಮಾರು ನೂರಕ್ಕೆ 85 ಪಾಲು ಒಂದೇ ಜನಸಮೂಹದ ಒಳಗಿನದು. ಪಕ್ಕದ ಕೇರಿಯವನಿಗಿಂತ ಎಷ್ಟು ಭಿನ್ನ ಎಂದು ಕೇಳುವ ಮೊದಲು ನಮ್ಮ ಯಜಮಾನರು ದಾಯಾದಿಗಿಂತ ಎಷ್ಟು ಭಿನ್ನ ಎಂದು ನೋಡಿಕೊಳ್ಳಬಹುದು. ಗದ್ದೆಯ ಬದುವಿನ ಕೇಸು ಆಲೂರು ಕೋರ್ಟಿನಲ್ಲಿ ಅವರಿಬ್ಬರ ನಡುವೆಯೇ ನಡೆಯುತ್ತಿದೆ.

ನಮ್ಮ ರಾಜ್ಯದವರು ಇನ್ನೊಂದು ಲೆಕ್ಕ ತೆಗೆದರು. 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ. ಮನೆಯ ಕರೆಂಟ್ ಮೀಟರಿನ ಲೆಕ್ಕದಲ್ಲಿ ಬಾಗಿಲಿಗೆ ಸ್ಟಿಕರ್, ಅರವತ್ತು ಪ್ರಶ್ನೆ, ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವ ಮೇಷ್ಟರು. ಯಾರಿಗೆ ಎಷ್ಟು ಭೂಮಿ, ಎಷ್ಟು ಓದು, ಯಾರಿಗೆ ಏನೂ ಇಲ್ಲ ಎಂದು ತಿಳಿಯಬೇಕಾದರೆ ಜಾತಿ ಕೇಳಲೇಬೇಕು, ಅದರಲ್ಲಿ ನನ್ನ ತಕರಾರಿಲ್ಲ. ತಮಾಷೆ ಎಂದರೆ, ಮೊಬೈಲಿನಲ್ಲಿ ಮಧ್ಯ ಏಷ್ಯಾ ಮೂರು ಪರ್ಸೆಂಟ್ ತೋರಿಸಿದ ಮನೆಗಳವರೇ ಮೇಷ್ಟರು ಬಂದಾಗ ಉಪಜಾತಿ ಬರೆಸಬೇಕೋ ಬೇಡವೋ ಎಂದು ಮಠಕ್ಕೆ ಫೋನ್ ಮಾಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಆನೆಗಳ ಲೆಕ್ಕವೂ ಬಂತು. ಅದು ಲದ್ದಿಯ ಡಿಎನ್ಎ ನೋಡಿ ಮಾಡಿದ್ದು. ಕರ್ನಾಟಕಕ್ಕೆ 6,013, ದೇಶಕ್ಕೇ ಮೊದಲ ಸ್ಥಾನ. ನಮ್ಮ ಕಡೆಯ ಆನೆ ಭೀಮನಾಗಲಿ, ಬೀಟಮ್ಮನ ಗುಂಪಾಗಲಿ ಯಾವ ಕಾಲಮ್ಮಿಗೂ ಆಕ್ಷೇಪ ಎತ್ತಲಿಲ್ಲ. ಲದ್ದಿ ಹಾಕಿ ಮುಂದಿನ ಗದ್ದೆಗೆ ಹೋದವು.

ನಗುವುದಕ್ಕೆ ಆಗದ ಭಾಗವೂ ಇದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಜನರ ಸೊಂಟ, ಮಂಡಿ ಹಿಡಿದುಕೊಳ್ಳತೊಡಗಿದವು. ಕೆಲವರು ಕುಳ್ಳರಾಗಿ ಉಳಿದರು, ಕೆಲವರು ತೆವಳುವಂತಾದರು. ಮೊದಲು ದೂರು ಬಿದ್ದದ್ದು ಏಡಿಯ ಮೇಲೆ: ಔಷಧಿ ಹೊಡೆದ ಗದ್ದೆಯ ಏಡಿ ತಿಂದದ್ದಕ್ಕೆ ಹೀಗಾಯಿತು ಎಂದು. ಬಡವನಿಗೆ ಏನಾದರೂ ಬಂದರೆ ಅವನು ತಿಂದದ್ದರ ತಪ್ಪು ಎನ್ನುವುದು ನಮಗೆ ಅಭ್ಯಾಸ. ಆಮೇಲೆ ಗೊತ್ತಾಯಿತು, ಅದು ವಂಶವಾಹಿಯ ಕಾಯಿಲೆ. ತಂದೆಯದೋ ತಾಯಿಯದೋ ಒಂದು ಪ್ರತಿ ಬಂದರೂ ಸಾಕು. ಅದು ಸುತ್ತುತ್ತಿದ್ದದ್ದು ಚಲುವಾದಿ, ಚನ್ನಂಗಿ ಎಂಬ ಎರಡು ದಲಿತ ಸಮುದಾಯಗಳ ಸಣ್ಣ ವಲಯದೊಳಗೇ. ಆ ವಲಯವನ್ನು ಅಷ್ಟು ಸಣ್ಣದಾಗಿ ಇಟ್ಟವರು ಅವರಲ್ಲ. ಬೇಲಿ ಕಟ್ಟಿದವರು ಬೇರೆ, ಮಂಡಿ ಹಿಡಿದುಕೊಂಡದ್ದು ಬೇರೆಯವರದು.

ಬೇಲಿ ಕಟ್ಟಿದವರೂ ಪೂರ್ತಿ ಪಾರಾಗಿಲ್ಲವೆನ್ನಿ. 2017ರಲ್ಲಿ ದಕ್ಷಿಣ ಏಷ್ಯಾದ 263 ಗುಂಪುಗಳನ್ನು ನೋಡಿದಾಗ, ಅವುಗಳಲ್ಲಿ 81 ಗುಂಪುಗಳು ಕೆಲವೇ ಪೂರ್ವಜರ ಸಂತತಿಯಾಗಿ, ಫಿನ್ಲೆಂಡಿನವರಿಗಿಂತ, ಅಶ್ಕೆನಾಜಿ ಯಹೂದಿಗಳಿಗಿಂತ ಹೆಚ್ಚು ಇಕ್ಕಟ್ಟಿನಲ್ಲಿವೆ ಎಂದು ತಿಳಿಯಿತು. ವೈಶ್ಯರಲ್ಲಿ ಕೆಲವರಿಗೆ ಒಂದು ಕಿಣ್ವದ ಕೊರತೆಯಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಸ್ನಾಯು ಸಡಿಲಿಸಲು ಕೊಡುವ ಮದ್ದು ಐದು ನಿಮಿಷದಲ್ಲಿ ಇಳಿಯಬೇಕಾದದ್ದು ಗಂಟೆಗಟ್ಟಲೆ ಇಳಿಯುವುದಿಲ್ಲ, ಅಷ್ಟು ಹೊತ್ತೂ ಯಂತ್ರವೇ ಉಸಿರಾಡಿಸಬೇಕು. ಆದ್ದರಿಂದ ನಿಮ್ಮ ಜಾತಿ ಯಾವುದೆಂದು ಕೇಳುವ ಹಕ್ಕನ್ನು ಮಲಗಿಸುವ ಮೊದಲು ಕೇಳುವ ಅರಿವಳಿಕೆ ವೈದ್ಯರಿಗೆ ನಾನು ಬಿಟ್ಟುಕೊಟ್ಟಿದ್ದೇನೆ. ಮಲಗಿದ ಮೇಲೂ ಕೇಳುವವರದು ಬೇರೆ ಕಾಯಿಲೆ.

ಇಷ್ಟರಲ್ಲಿ ನಮ್ಮ ಕಡೆ ಬೇಲಿ ತಾನಾಗಿಯೇ ಬೀಳುತ್ತಿದೆ. ಬೀಳಿಸಿದವರು ಬಸವಣ್ಣನ ಅನುಯಾಯಿಗಳೂ ಅಲ್ಲ, ಕುವೆಂಪು ಓದಿದವರೂ ಅಲ್ಲ, ಹಾರ್ವರ್ಡಿನವರಂತೂ ಅಲ್ಲವೇ ಅಲ್ಲ. ಬೀಳಿಸಿದ್ದು ಹೆಣ್ಣುಗಳ ಅಭಾವ. ಎಂಟು ಎಕರೆ ಕಾಫಿ, ಎರಡು ಎಕರೆ ಗದ್ದೆ, ಒಂದು ಜೀಪು, ನೂರು ಪರ್ಸೆಂಟ್ ಶುದ್ಧ ರಕ್ತ ಇಟ್ಟುಕೊಂಡ ಹುಡುಗನಿಗೆ ನಲವತ್ತಾದರೂ ಯಾರೂ ಹೆಣ್ಣು ಕೊಡುತ್ತಿಲ್ಲ. ಹುಡುಗಿಯರು ಓದಿ ಬೆಂಗಳೂರು ಸೇರಿದ್ದಾರೆ. ಆನೆ ಬರುವ ಊರಿಗೆ, ಅದಕ್ಕಿಂತ ಮುಖ್ಯವಾಗಿ ಅತ್ತೆ ಇರುವ ಮನೆಗೆ, ಅವರು ಬರುವುದಿಲ್ಲ. ಮಂಡ್ಯ ಕಡೆಯ ರೈತರ ಮಕ್ಕಳು 2023ರಲ್ಲಿ ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ನಮ್ಮವರು ಅಷ್ಟು ನಡೆಯುವವರಲ್ಲ, ಬ್ರೋಕರಿಗೆ ಫೋನ್ ಮಾಡುತ್ತಾರೆ.

ಬ್ರೋಕರಿಗೆ ಮೊದಲ ವರ್ಷ ಹೇಳುವುದು: ನಮ್ಮ ಒಳಪಂಗಡವೇ ಆಗಬೇಕು, ಬಳಿ ಮಾತ್ರ ಬೇರೆ ಇರಬೇಕು. ಮೂರನೇ ವರ್ಷ: ಪಂಗಡ ಯಾವುದಾದರೂ ನಡೆಯುತ್ತದೆ, ಜಿಲ್ಲೆ ಹಾಸನ ಆದರೆ ಸಾಕು. ಆರನೇ ವರ್ಷ: ಕನ್ನಡ ಬಂದರೆ ಸಾಕು. ಎಂಟನೇ ವರ್ಷಕ್ಕೆ ಕನ್ನಡ ಕಲಿಸಿಕೊಳ್ಳುತ್ತೇವೆ ಎನ್ನುತ್ತಾರೆ. ಕಡೆಗೊಂದು ದಿನ ತುಂಗಭದ್ರೆಯನ್ನೋ ವಿಂಧ್ಯವನ್ನೋ ದಾಟಿದ ಯಾವುದೋ ಊರಿನಿಂದ, ಹುಡುಗನ ಕಡೆಯವರೇ ಖರ್ಚು ಹಾಕಿಕೊಂಡು, ಸೊಸೆ ಬಂದಿಳಿಯುತ್ತಾಳೆ. ಶುದ್ಧ ರಕ್ತದ ಪ್ರವಚನಕಾರರು ಅಂದು ಬೆಳಿಗ್ಗೆಯಿಂದ ಚಪ್ಪರದ ಕೆಳಗೆ ಬಾಳೆಎಲೆ ಎಣಿಸುತ್ತಿರುತ್ತಾರೆ.

ಪಕ್ಕದೂರಿನ ನೆಂಟರೊಬ್ಬರಿಗೆ ತಡೆಯಲಾಗುವುದಿಲ್ಲ. "ಅಲ್ಲ ಗೌಡ್ರೆ, ಹುಡುಗಿ ಯಾವ ಜನ ಅಂದ್ರಿ?"

ಯಜಮಾನರು ಸ್ವಲ್ಪವೂ ತಡವರಿಸದೆ ಹೇಳುತ್ತಾರೆ: "ನಮ್ಮೋರೇ ಕಣಪ್ಪ. ಹಿಂದೆ ಯಾವಾಗ್ಲೋ ಬಿಟ್ಟು ಆ ಕಡೆ ಹೋಗಿದ್ರಂತೆ."

ಹಾರ್ವರ್ಡ್, ಹೈದರಾಬಾದಿನವರು ವರ್ಷಗಟ್ಟಲೆ ರಕ್ತ ಪರೀಕ್ಷಿಸಿ ಮುಟ್ಟಿದ ತೀರ್ಮಾನವೂ ಹತ್ತಿರಹತ್ತಿರ ಇದೇ. ಹಿಂದೆ ಅಂದರೆ ಎಷ್ಟು ಹಿಂದೆ ಎಂದು ನೆಂಟರು ಕೇಳಬಹುದಿತ್ತು. ಆದರೆ ಅಷ್ಟರಲ್ಲಿ ಎಲೆಗೆ ಕಡುಬು ಬಂದಿತ್ತು.